ಹಿಂದಿನ ಚಕ್ರಕ್ಕೆ ಮೂವತ್ತು ಮಿಲಿಮೀಟರ್

ದೇವಿಮನೆ ಘಟ್ಟ ಇಳಿಯುತ್ತಿದ್ದಾಗ ಒಂದು ಎಡತಿರುವಿನಲ್ಲಿ ಕಾರಿನ ಹಿಂಭಾಗದಿಂದ ಸದ್ದು ಶುರುವಾಯಿತು. ಶಿರಸಿಯಿಂದ ಕಾರವಾರಕ್ಕೆ ಮರಳುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ ಮತ್ತು ಮಗಳು. ಡಿಕ್ಕಿಯಲ್ಲಿ ಎರಡು ಬಕ್ಕೆ ಹಲಸು, ಒಂದು ಡಬ್ಬಿ ಜೋನಿಬೆಲ್ಲ, ಅರ್ಧ ಚೀಲ ಅಕ್ಕಿ. ಮುಂದಿನ ತಿರುವಿನಲ್ಲಿ ಸದ್ದು ನಿಂತಿತು, ಅದರ ಮುಂದಿನದರಲ್ಲಿ ಮತ್ತೆ ಬಂತು. ‘ಯಾರು ಕಾಯಿ ತುರಿಯುತ್ತಿರುವುದು?’ ಎಂದು ಅತ್ತೆ ಕೇಳಿದರು.

ಕೆಳಗೆ ಅಗಲವಾದ ಜಾಗ ಸಿಕ್ಕಾಗ ನಿಲ್ಲಿಸಿ ನೋಡಿದೆ. ಅತ್ತೆಯ ಮಾತು ಅಕ್ಷರಶಃ ನಿಜವಾಗಿತ್ತು. ಬಲಬದಿಯ ಹಿಂದಿನ ಮಡ್‌ಗಾರ್ಡಿನ ಒಳಅಂಚು ಈಳಿಗೆ ಮಣೆಯ ಹಾಗೆ ಹೊಸ ಟೈರಿನ ಭುಜವನ್ನು ತುರಿದು, ಕಪ್ಪು ತುರಿಯನ್ನು ಚಕ್ರದ ಗೂಡಿನ ತುಂಬ ಎರಚಿತ್ತು. ಆ ಟೈರು ಹಾಕಿಸಿ ಹನ್ನೊಂದು ದಿನವಾಗಿತ್ತು.

ಕಾರು 2008ರ ಬಿಎಂಡಬ್ಲ್ಯು 325ಐ, ಇ90 ಎಂದು ಕರೆಯುವ ಪೀಳಿಗೆಯದು, ಚೆನ್ನೈಯಲ್ಲಿ ಜೋಡಿಸಿದ್ದು. ಎರಡೂವರೆ ಲೀಟರಿನ, ಸಾಲಾಗಿ ಆರು ಸಿಲಿಂಡರಿರುವ ಪೆಟ್ರೋಲ್ ಎಂಜಿನ್, 218 ಅಶ್ವಶಕ್ತಿ, ಎಳೆಯುವುದು ಹಿಂದಿನ ಚಕ್ರ. ಭೌತಶಾಸ್ತ್ರ ಕಲಿಸುವ ಮೇಷ್ಟರಿಗೆ ಇಂಥ ಕಾರು ಹೇಗೆ ಬಂತೆಂದು ಊರಿನಲ್ಲಿ ಕೇಳದವರಿಲ್ಲ. ಹದಿನೈದು ವರ್ಷ ದಾಟುತ್ತಿರುವ ಇಂಥ ಕಾರನ್ನು ಇಟ್ಟುಕೊಳ್ಳಲು ಶ್ರೀಮಂತರಿಗೆ ಧೈರ್ಯವಿರುವುದಿಲ್ಲ; ಹಾಗಾಗಿ ಹೊಸ ಸಣ್ಣ ಕಾರಿನ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಆಮೇಲಿನ ಖರ್ಚಿನ ಮಾತು ಬೇರೆ.

ನನ್ನ ಕಾರಿಗೆ ನಾಲ್ಕೂ ಚಕ್ರಕ್ಕೆ 225/45 ಆರ್17 ಅಳತೆಯ ಟೈರುಗಳಿದ್ದವು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ; ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮಳೆಗಾಲದಲ್ಲಿ ಅರಬೈಲು ಘಟ್ಟ ಏರುವಾಗ, ತಿರುವು ಮುಗಿಸಿ ಎಕ್ಸಲರೇಟರ್ ಒತ್ತಿದೊಡನೆ ಬಾಲ ಅಲ್ಲಾಡುತ್ತಿತ್ತು, ಚಕ್ರ ಜಾರುತ್ತಿದೆ ಎಂದು ಎಚ್ಚರಿಸುವ ಹಳದಿ ತ್ರಿಕೋನ ಮೀಟರಿನಲ್ಲಿ ಮಿನುಗುತ್ತಿತ್ತು. ಹಿಂದೆ ಅಗಲದ ಟೈರು ಹಾಕಿದರೆ ಸರಿಹೋದೀತು ಎಂಬ ಯೋಚನೆ ಹೊಕ್ಕಿದ್ದು ಆಗ. ಹೊಸ ಟೈರಾದರೆ ಅರ್ಧ ರೋಗ ಅದೇ ಅಗಲದಲ್ಲೂ ವಾಸಿಯಾಗುತ್ತಿತ್ತು ಎಂಬುದನ್ನು ಈಗ ಒಪ್ಪುತ್ತೇನೆ. ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವುಗಳ ಮೇಲೆ 2216 ಎಂದಿತ್ತು, ಅಂದರೆ 2016ರ ಇಪ್ಪತ್ತೆರಡನೆಯ ವಾರ. ಹಲ್ಲು ಸಾಕಷ್ಟಿದ್ದರೂ ರಬ್ಬರು ಉಗುರು ನೆಡದಷ್ಟು ಗಟ್ಟಿಯಾಗಿತ್ತು. ಇನ್ನರ್ಧ ಕಾರಣ, ನಿಜ ಹೇಳುವುದಾದರೆ, ಹಿಂದಿನಿಂದ ನೋಡಿದಾಗ ಕಾರು ಚಂದ ಕಾಣಬೇಕೆಂಬ ಆಸೆ. ಹೆಂಡತಿ ಅದನ್ನು ಮೊದಲ ದಿನವೇ ಪತ್ತೆ ಹಚ್ಚಿದ್ದಳು.

ಮೊದಲ ಸಲ ಮಾಡಿದ ತಪ್ಪು ಸಣ್ಣದಲ್ಲ. ಹೊರ ಊರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಬಿಎಂಡಬ್ಲ್ಯುವಿನದೇ ಎರಡು ಅಸಲಿ ಅಲಾಯ್ ಚಕ್ರಗಳು ಸಿಕ್ಕಿದವು. ಹದಿನೇಳು ಇಂಚು, ಐದು ಬೋಲ್ಟು, ಬೋಲ್ಟುಗಳ ವೃತ್ತ 120 ಮಿಲಿಮೀಟರ್. ನನ್ನದೂ ಅದೇ. ‘ಅದೇ ಕಂಪನಿ, ಅದೇ ಬೋಲ್ಟು, ಮತ್ತೇನು ನೋಡುತ್ತೀರಿ?’ ಎಂದರು ಅಂಗಡಿಯವರು. ನನಗೂ ಮತ್ತೇನೂ ಕಾಣಲಿಲ್ಲ. ಜೋಡಿಗೆ ಇಪ್ಪತ್ತೆರಡು ಸಾವಿರ ಕೊಟ್ಟು, 245/40 ಟೈರು ಹಾಕಿಸಿಕೊಂಡು ಬಂದೆ. ಅವು ಇ39 ಪೀಳಿಗೆಯ 5 ಸೀರೀಸ್ ಕಾರಿನ ಚಕ್ರಗಳು. ಬೋಲ್ಟು ಕೂರುತ್ತದೆ, ಕೂರದೆ ಇರುವುದು ಬೇರೆ ಎರಡು ಸಂಗತಿಗಳು.

ಒಂದು, ನಡುವಿನ ತೂತು. ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಬಿಲ್ಲೆಗೆ ಹಬ್ಬು ಎನ್ನುತ್ತಾರೆ. ನನ್ನ ಕಾರಿನ ಹಬ್ಬಿನ ನಡುವಿನ ಉಬ್ಬು 72.6 ಮಿಲಿಮೀಟರ್. ಇ39ರ ಚಕ್ರದ ನಡುವಿನ ತೂತು 74.1. ಒಂದೂವರೆ ಮಿಲಿಮೀಟರ್ ಸಡಿಲ. ಚಕ್ರ ಹಬ್ಬಿನ ಮೇಲೆ ಕೂರುವ ಬದಲು ಬೋಲ್ಟುಗಳಲ್ಲಿ ನೇತಾಡಿದಂತಾಗಿ, ತೊಂಬತ್ತರ ವೇಗದಲ್ಲಿ ಸೀಟಿನ ಅಡಿಯಿಂದ ಸಣ್ಣ ನಡುಕ ಬರುತ್ತಿತ್ತು. ಸ್ಟೀರಿಂಗ್ ನಡುಗಿದರೆ ದೋಷ ಮುಂದಿನದು, ಸೀಟು ನಡುಗಿದರೆ ಹಿಂದಿನದು. ಇದು ಹೆಚ್ಚು ಕಡಿಮೆ ನಂಬಬಹುದಾದ ಲಕ್ಷಣ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ, ಏಕೆಂದರೆ ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ತನ್ನ ಶಂಕುವಿನ ಮೇಲೆ ಸರಿಯಾಗಿಯೇ ಕೂರಿಸಿಕೊಳ್ಳುತ್ತದೆ. ಈ ಸಡಿಲಕ್ಕೆ ಮಾತ್ರ ಮದ್ದಿದೆ: ತೂತಿಗೂ ಹಬ್ಬಿಗೂ ನಡುವೆ ಮುಕ್ಕಾಲು ಮಿಲಿಮೀಟರ್ ದಪ್ಪದ ಉಂಗುರ ಹಾಕಬಹುದು.

ಎರಡನೆಯದಕ್ಕೆ ಮದ್ದಿಲ್ಲ. ಚಕ್ರದ ಒಳಮೈಯಲ್ಲಿ ‘ಇಟಿ’ ಎಂಬ ಎರಡಕ್ಷರದ ಪಕ್ಕ ಒಂದು ಸಂಖ್ಯೆ ಇರುತ್ತದೆ. ಇದು ಜರ್ಮನ್ ಪದವೊಂದರ ಸಂಕ್ಷೇಪ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಯಿಂದ, ಅದು ಹಬ್ಬಿಗೆ ತಾಗುವ ಮೈ ಎಷ್ಟು ಹೊರಗಿದೆ ಎಂಬ ಲೆಕ್ಕ, ಮಿಲಿಮೀಟರಿನಲ್ಲಿ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಒಳಗೆ ಸರಿಯುತ್ತದೆ, ಸಣ್ಣದಾದಷ್ಟೂ ಹೊರಗೆ ಬರುತ್ತದೆ. ನನ್ನ ಹಳೆಯ ಚಕ್ರಗಳದು 34, ತಂದವುಗಳದು 20. ಟೈರಿನ ಅಗಲದ ಅರ್ಧದಿಂದ ಇದನ್ನು ಕಳೆದರೆ ಹಬ್ಬಿನ ಮುಖದಿಂದ ಟೈರು ಎಷ್ಟು ಹೊರಗೆ ಚಾಚಿದೆ ಎಂದು ತಿಳಿಯುತ್ತದೆ. ಹಳೆಯದು: 112.5ರಲ್ಲಿ 34 ಹೋದರೆ 78.5. ತಂದದ್ದು: 122.5ರಲ್ಲಿ 20 ಹೋದರೆ 102.5. ಇಪ್ಪತ್ತನಾಲ್ಕು ಮಿಲಿಮೀಟರ್, ಸರಿಸುಮಾರು ಒಂದು ಇಂಚು, ಹೊರಗೆ. ಎಂಟನೆಯ ತರಗತಿಯವರು ಮಾಡುವ ವ್ಯವಕಲನ. ಅದನ್ನು ನಾನು ದುಡ್ಡು ಕೊಟ್ಟ ಮೇಲೆ, ಟೈರು ತುರಿದ ಮೇಲೆ, ಮನೆಯ ಜಗುಲಿಯಲ್ಲಿ ಕೂತು ಮಾಡಿದೆ.

ಅಂಕೋಲೆಯಲ್ಲಿ ನನ್ನ ಕಾರನ್ನು ನೋಡಿಕೊಳ್ಳುವ ಮಿಸ್ತ್ರಿ ಇದ್ದಾರೆ. ಅರವತ್ತು ದಾಟಿದವರು, ಅಂಬಾಸಿಡರ್ ಕಾಲದಿಂದ ಕೈಗೆ ಗ್ರೀಸು ಹಚ್ಚಿಕೊಂಡವರು. ಮಡ್‌ಗಾರ್ಡಿನ ಅಂಚನ್ನು ಒಳಗೆ ಮಡಚಿಬಿಟ್ಟರೆ ಹೇಗೆ ಎಂದು ಕೇಳಿದೆ. ಬೇರೆ ಊರುಗಳಲ್ಲಿ ಅದನ್ನು ಸಲೀಸಾಗಿ ಮಾಡುತ್ತಾರೆ. ಬಿಸಿ ಗಾಳಿ ಬಿಟ್ಟು, ಉರುಳೆಯಿಂದ ಒತ್ತಿ ಮಡಚುತ್ತಾರೆ. ಅವರು ಅಂಚಿನ ಮೇಲೆ ಬೆರಳಾಡಿಸಿ, ‘ಮಡಚಬಹುದು ಮಾಸ್ತರರೆ. ಬಣ್ಣ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀವಿರುವುದು ಕಡಲ ಪಕ್ಕದ ಕೋಡಿಬಾಗದಲ್ಲಿ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ತುಕ್ಕಿನ ಹಪ್ಪಳ ಎದ್ದಿರುತ್ತದೆ’ ಎಂದರು. ಉಪ್ಪುಗಾಳಿ ಏನು ಮಾಡುತ್ತದೆಂದು ಕಿಟಕಿಯ ಸರಳು ನೋಡುತ್ತ ಬೆಳೆದವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಚಕ್ರಗಳನ್ನು ಬಿಚ್ಚಿ, ಹಳೆಯವನ್ನೇ ಹಾಕಿಕೊಂಡು ಮನೆಗೆ ಬಂದೆ.

ಎರಡನೆಯ ಸಲ ಅಂಗಡಿಗೆ ಹೋಗುವ ಮೊದಲು ಲೆಕ್ಕದ ಪುಸ್ತಕ ತೆಗೆದೆ. ಬಾಗಿಲ ಕಂಬದ ಚೀಟಿಯಲ್ಲಿ ಕಂಪನಿ ತಾನೇ ಒಪ್ಪಿದ ಟೈರಿನ ಅಳತೆಗಳು ಇರುತ್ತವೆ. ನನ್ನದರಲ್ಲಿ ಮುಂದೆ 225/45, ಹಿಂದೆ 255/40 ಎಂಬ ಜೋಡಿಯೂ ಇತ್ತು. ಮೂರು ವರ್ಷದಿಂದ ದಿನವೂ ಆ ಬಾಗಿಲು ತೆರೆಯುತ್ತಿದ್ದೇನೆ, ಓದಿರಲಿಲ್ಲ. ಈ ಹಿಂದಿನ ಟೈರಿಗೆ ಹೊಂದುವುದು ಎಂಟೂವರೆ ಇಂಚು ಅಗಲದ, ಇಟಿ 37ರ ರಿಮ್. ಎಂಟು ಇಂಚಿನ ರಿಮ್ಮಿಗೆ 255 ಟೈರನ್ನು ಬಲವಂತವಾಗಿ ಏರಿಸುವವರಿದ್ದಾರೆ. ಟೈರು ಏರುತ್ತದೆ, ಆದರೆ ಅದರ ಪಕ್ಕೆ ಬಲೂನಿನ ಹಾಗೆ ಉಬ್ಬಿ, ತಿರುವಿನಲ್ಲಿ ಮಗುಚಿದಂತಾಗುತ್ತದೆ. ಅಗಲ ಸಿಕ್ಕಿತು, ಹಿಡಿತ ಹೋಯಿತು.

ಆಮೇಲೆ ಎತ್ತರದ ಲೆಕ್ಕ. 225/45 ಅಂದರೆ ಪಕ್ಕೆಯ ಎತ್ತರ 225ರ ಶೇಕಡಾ 45, ಅಂದರೆ 101.25. ಮೇಲೊಂದು ಕೆಳಗೊಂದು ಸೇರಿ 202.5. ಹದಿನೇಳು ಇಂಚಿನ ರಿಮ್ 431.8. ಒಟ್ಟು ವ್ಯಾಸ 634.3 ಮಿಲಿಮೀಟರ್. 255/40ಕ್ಕೆ ಅದೇ ಲೆಕ್ಕ ಹಾಕಿದರೆ 635.8. ಒಂದೂವರೆ ಮಿಲಿಮೀಟರ್ ವ್ಯತ್ಯಾಸ, ಸವೆತದಲ್ಲಿ ಮುಚ್ಚಿಹೋಗುವಷ್ಟು. ಟೈರಂಗಡಿಯಲ್ಲಿ ‘255 ಸ್ಟಾಕಿಲ್ಲ, 245/45 ಹಾಕಿಕೊಳ್ಳಿ, ಇನ್ನೂ ಎತ್ತರ ಕಾಣುತ್ತದೆ’ ಎಂದರು. ಅದರ ವ್ಯಾಸ 652. ಹದಿನೆಂಟು ಮಿಲಿಮೀಟರ್ ಹೆಚ್ಚು. ಈ ಕಾರಿನಲ್ಲಿ ಎಬಿಎಸ್ ಮತ್ತು ಜಾರು ತಡೆಯುವ ವ್ಯವಸ್ಥೆ ನಾಲ್ಕೂ ಚಕ್ರಗಳ ತಿರುಗುವಿಕೆಯನ್ನು ಸದಾ ಹೋಲಿಸಿ ನೋಡುತ್ತಿರುತ್ತವೆ. ಹಿಂದಿನವು ಯಾವಾಗಲೂ ನಿಧಾನ ತಿರುಗುತ್ತಿದ್ದರೆ ಅವುಗಳ ಲೆಕ್ಕಕ್ಕೇ ಸುಳ್ಳು ಹೇಳಿದಂತೆ. ಎರಡು ವಾರ ಕಾದೆ. ಕಾದದ್ದರಿಂದ ಇನ್ನೊಂದು ಲಾಭವಾಯಿತು: ಅದೇ ವರ್ಷ ತಯಾರಾದ ಟೈರು ಬಂತು.

ಅಗಲದ ಟೈರು ಹಾಕಿದರೆ ರಸ್ತೆಗೆ ತಾಗುವ ಜಾಗ ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತರಗತಿಯಲ್ಲಿ ನಾನಿದನ್ನು ಪ್ರಶ್ನೆಯಾಗಿ ಕೊಡುತ್ತೇನೆ. ಒಂದೂವರೆ ಟನ್ ಕಾರು, ಚಕ್ರಕ್ಕೆ ಸುಮಾರು 375 ಕಿಲೋ ಭಾರ, ಟೈರಿನೊಳಗೆ 2.3 ಬಾರ್ ಗಾಳಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ 160 ಚದರ ಸೆಂಟಿಮೀಟರ್, ಅಂದರೆ ಅಂಚೆ ಕಾರ್ಡಿಗಿಂತ ತುಸು ದೊಡ್ಡದು. ಟೈರಿನ ಅಗಲ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ಟೈರಿನ ಪಕ್ಕೆಯ ಬಿಗುವೂ ಸ್ವಲ್ಪ ಭಾರ ಹೊರುವುದರಿಂದ ಇದು ಪೂರ್ತಿ ಕರಾರುವಾಕ್ಕಲ್ಲ, ಆದರೆ ದಿಕ್ಕು ಸರಿ. ಅಗಲದ ಟೈರಿನಲ್ಲಿ ಆ ಜಾಗ ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರ ಒಳ್ಳೆಯದು. ನೀರು ನಿಂತ ರಸ್ತೆಯಲ್ಲಿ ಕೆಟ್ಟದ್ದು, ಏಕೆಂದರೆ ಅಗಲದ ಮೂತಿ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಈ ಎರಡನೆಯ ಮಾತು ನಮ್ಮ ಜಿಲ್ಲೆಯಲ್ಲಿ ಮೊದಲನೆಯದರಷ್ಟೇ ದೊಡ್ಡದು.

ಸರಿಯಾದ ರಿಮ್ಮುಗಳು ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಮೂವತ್ತೆಂಟು ಸಾವಿರಕ್ಕೆ. ಈ ಸಲ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇತ್ತು, ಶಾಲೆಯ ಪ್ರಯೋಗಾಲಯದ್ದು. ತೂತು ಅಳೆದೆ, 72.6. ಅಂಕೋಲೆಗೆ ತಂದು, ಎಲ್ಲಿಯಾದರೂ ತಾಗುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕೆಂದೆ. ಕಂಪನಿ ಹೇಳಿದ ಅಳತೆಯೇ ಆದರೆ ಮತ್ತೆ ಪರೀಕ್ಷೆ ಯಾಕೆ ಎಂದು ಮಿಸ್ತ್ರಿ ನಕ್ಕರು. ಕಂಪನಿಯ ಅಳತೆ ಹೊಸ ಕಾರಿನದು. ನನ್ನದರಲ್ಲಿ ಸ್ಪ್ರಿಂಗುಗಳು ಕುಗ್ಗಿವೆ, ರಬ್ಬರ್ ಬುಷ್‌ಗಳು ಸೊರಗಿವೆ. ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದಾಗ ಎಡಬದಿ ಬಲಬದಿಗಿಂತ 6 ಮಿಲಿಮೀಟರ್ ಕೆಳಗಿತ್ತು.

ಲೆಕ್ಕದ ಪ್ರಕಾರ ಹೊಸ ಟೈರು ಹಳೆಯದಕ್ಕಿಂತ ಹೊರಗೆ 12 ಮಿಲಿಮೀಟರ್, ಒಳಗೆ 18 ಮಿಲಿಮೀಟರ್ ಚಾಚಬೇಕು. ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಮಗಳ ಬಣ್ಣದ ಆಟದ ಮಣ್ಣನ್ನು ತಂದು ಸಣ್ಣ ಉಂಡೆ ಮಾಡಿ, ಚಕ್ರದ ಗೂಡಿನ ಒಳಗೋಡೆಗೆ, ಅಂಚಿನ ಅಡಿಗೆ, ಒಟ್ಟು ಏಳು ಕಡೆ ಅಂಟಿಸಿದೆ. ಶಿರಸಿಯಿಂದ ಬಂದಿದ್ದ ಭಾವನ ಎರಡು ಅಡಿಕೆ ಚೀಲಗಳನ್ನು ಡಿಕ್ಕಿಗೆ ಹಾಕಿದೆವು, ತೂಕ ಒಟ್ಟು 130 ಕಿಲೋ. ಹಿಂದಿನ ಸೀಟಿನಲ್ಲಿ ಭಾವ, ಮಿಸ್ತ್ರಿಯ ಇಬ್ಬರು ಹುಡುಗರು. ಗ್ಯಾರೇಜಿನ ಹಿಂದಿನ ಮಣ್ಣುದಾರಿಯಲ್ಲಿ, ರೈಲ್ವೆ ಹಳಿ ದಾಟುವ ಉಬ್ಬಿನಲ್ಲಿ, ನಿಧಾನವಾಗಿ ಒಂದಿಷ್ಟು ಹೊತ್ತು ಓಡಾಡಿದೆವು. ಮರಳಿ ಬಂದು ಉಂಡೆಗಳನ್ನು ಬಿಡಿಸಿ ಕ್ಯಾಲಿಪರಿನಲ್ಲಿ ಹಿಡಿದರೆ, ಅತಿ ತೆಳ್ಳಗಾದದ್ದು ಎಡಗಡೆಯ ಅಂಚಿನದು: 7 ಮಿಲಿಮೀಟರ್. ಒಳಗೋಡೆಯವು ಅಂಟಿಸಿದ ಹಾಗೆಯೇ ಇದ್ದವು. ಎಡಗಡೆಯ ಸ್ಪ್ರಿಂಗ್ ಕುಗ್ಗಿರುವುದಕ್ಕೂ ಇದಕ್ಕೂ ತಾಳೆಯಾಯಿತು. ಎರಡೂ ಸ್ಪ್ರಿಂಗ್ ಬದಲಾಯಿಸಿದೆವು. ಒಂದನ್ನೇ ಬದಲಾಯಿಸುವ ಪದ್ಧತಿ ಇಲ್ಲ.

ಜೋಡಿಸುವಾಗ ಕರಾವಳಿಯವರು ಮರೆಯಬಾರದ ಒಂದು ಕೆಲಸವಿದೆ. ಹಬ್ಬಿನ ಮುಖದ ಮೇಲೆ ತುಕ್ಕಿನ ಸಿಪ್ಪೆ ಕಟ್ಟಿರುತ್ತದೆ. ನನ್ನ ಹಳೆಯ ಚಕ್ರ ಬೋಲ್ಟು ಬಿಚ್ಚಿದ ಮೇಲೂ ಹಬ್ಬು ಬಿಟ್ಟು ಬರಲಿಲ್ಲ, ಮರದ ತುಂಡು ಅಡ್ಡ ಇಟ್ಟು ಹಿಂದಿನಿಂದ ಹೊಡೆಯಬೇಕಾಯಿತು. ತಂತಿಯ ಬ್ರಷ್ ಹಿಡಿದು ಲೋಹ ಹೊಳೆಯುವವರೆಗೆ ಉಜ್ಜಬೇಕು. ಅರ್ಧ ಮಿಲಿಮೀಟರಿನ ಸಿಪ್ಪೆ ಉಳಿದರೂ ಚಕ್ರ ಸೊಟ್ಟ ಕೂರುತ್ತದೆ. ಹಬ್ಬಿನ ಉಬ್ಬಿಗೆ ತೆಳ್ಳಗೆ ಗ್ರೀಸ್ ಸವರಿದೆವು. ಬೋಲ್ಟಿನ ಎಳೆಗೆ ಸವರಲಿಲ್ಲ, ಅಲ್ಲಿ ಎಣ್ಣೆಯಿದ್ದರೆ ಬಿಗಿತದ ಲೆಕ್ಕ ತಪ್ಪುತ್ತದೆ. ಈ ಕಾರಿಗೆ ಬಿಗಿತ 120 ನ್ಯೂಟನ್ ಮೀಟರ್. ನಕ್ಷತ್ರ ಬಿಡಿಸುವ ಹಾಗೆ ಎದುರುಬದುರು ಬೋಲ್ಟುಗಳನ್ನು ಬಿಗಿದು, ಕಾರವಾರ ತಲುಪಿದ ಮೇಲೆ ಮತ್ತೊಮ್ಮೆ ನೋಡಿದೆ. ಗಾಳಿಯ ಗನ್ನಿನಿಂದ ಕೊನೆಯ ಬಿಗಿತ ಕೊಡುವ ಅಂಗಡಿಯವರೊಂದಿಗೆ ನಾನು ಜಗಳವಾಡುತ್ತೇನೆ.

ಅಲೈನ್‌ಮೆಂಟಿನಲ್ಲಿ ಅರ್ಧ ದಿನ ಹೋಯಿತು. ಇ90ಯಲ್ಲಿ ಹಿಂದಿನ ಚಕ್ರಗಳ ವಾಲು ಮತ್ತು ದಿಕ್ಕು ಎರಡನ್ನೂ ಹೊಂದಿಸಬಹುದು, ಅದಕ್ಕೆಂದೇ ಕೇಂದ್ರ ತಪ್ಪಿಸಿ ಕೊರೆದ ಬೋಲ್ಟುಗಳಿವೆ. ನನ್ನವು ತುಕ್ಕು ಹಿಡಿದು ತೋಳಿನೊಂದಿಗೆ ಒಂದಾಗಿದ್ದವು. ಎರಡು ದಿನ ಮೊದಲೇ ತುಕ್ಕಿನ ಎಣ್ಣೆ ಬಿಟ್ಟಿದ್ದರಿಂದ ಒಂದು ಬಂತು, ಇನ್ನೊಂದನ್ನು ಕತ್ತರಿಸಿ ಹೊಸದು ಹಾಕಬೇಕಾಯಿತು. ಈ ಕಾರಿನ ಹಿಂದಿನ ಚಕ್ರಗಳು ಕಾರ್ಖಾನೆಯಿಂದಲೇ ಮೇಲ್ತುದಿ ಒಳಗೆ ವಾಲಿಕೊಂಡಿರುತ್ತವೆ, ಒಂದೂವರೆ ಡಿಗ್ರಿಯ ಆಸುಪಾಸು. ಟೈರು ಅಗಲವಾದಷ್ಟೂ ಆ ವಾಲು ಒಳಅಂಚನ್ನು ಹೆಚ್ಚು ತಿನ್ನುತ್ತದೆ. ಸೀಟಿನ ಮೇಲೆ ಭಾರ ಇಟ್ಟು, ಟ್ಯಾಂಕ್ ತುಂಬಿಸಿ ಅಳೆಯಬೇಕೆಂದು ಕಂಪನಿ ಹೇಳುತ್ತದೆ. ಅಂಗಡಿಯ ಹುಡುಗ ಇದನ್ನು ಕೇಳಿ ನನ್ನನ್ನು ವಿಚಿತ್ರವಾಗಿ ನೋಡಿ, ಕೊನೆಗೆ ತಾನೇ ಸೀಟಿನಲ್ಲಿ ಕೂತುಕೊಂಡ.

ಮುಂದಿನ ಎರಡಕ್ಕೂ ಅದೇ ಮಾದರಿಯ ಹೊಸ 225 ಹಾಕಿಸಿದೆ. ಮುಂದೆ ಹಳೆಯ ಗಟ್ಟಿ ರಬ್ಬರು, ಹಿಂದೆ ಹೊಸ ಅಗಲದ ರಬ್ಬರು ಇದ್ದರೆ ಕಾರು ತಿರುವಿನಲ್ಲಿ ಸ್ಟೀರಿಂಗಿನ ಮಾತು ಕೇಳದೆ ನೇರ ಹೋಗಲು ನೋಡುತ್ತದೆ. ನಾಲ್ಕೂ ಹೊಸದಾದ ಮೇಲೂ ಆ ಗುಣ ಸ್ವಲ್ಪ ಉಳಿದಿದೆ. ಅರಬೈಲಿನ ಬಿಗಿ ತಿರುವುಗಳಲ್ಲಿ ಮೊದಲು ಹಗುರವಾಗಿ ಒಳಗೆ ಹೊರಳುತ್ತಿದ್ದ ಮೂತಿ, ಈಗ ಒಂದು ಕ್ಷಣ ಯೋಚಿಸಿ ಹೊರಳುತ್ತದೆ. ತಿರುವು ಮುಗಿಸಿ ಹೊರಬರುವಾಗ ಮಾತ್ರ ಸುಖ. ಒಣ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಪೂರ್ತಿ ಒತ್ತಿದರೂ ಹಳದಿ ತ್ರಿಕೋನ ಕಾಣುವುದಿಲ್ಲ. ಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು ಎಂದರೆ ಘಟ್ಟ ಏರುವಾಗ ಒಂದು ಉತ್ತರ, ಇಳಿಯುವಾಗ ಇನ್ನೊಂದು.

ಮಳೆಗಾಲದ ಉತ್ತರ ಬೇರೆಯೇ. ಜುಲೈಯ ಒಂದು ಸಂಜೆ ಅಂಕೋಲೆಯಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಬರುತ್ತಿದ್ದೆ. ಎಪ್ಪತ್ತೈದರ ವೇಗ, ರಸ್ತೆಯ ಬಲಅಂಚಿನಲ್ಲಿ ನಿಂತ ನೀರು. ಬಲಗಡೆಯ ಚಕ್ರಗಳು ನೀರಿಗೆ ಇಳಿದಾಗ ಹಿಂಭಾಗ ಸೋಪಿನ ಮೇಲೆ ಕಾಲಿಟ್ಟಂತೆ ಒಮ್ಮೆ ಸರಿದು ನೆಟ್ಟಗಾಯಿತು. ಮುಂದಿನ ಟೈರು 225 ಅಗಲದ ದಾರಿಯನ್ನಷ್ಟೇ ಒರೆಸಿಕೊಡುತ್ತದೆ. ಹಿಂದಿನದಕ್ಕೆ ಎರಡೂ ಬದಿಗೆ ತುಸು ತಾಜಾ ನೀರು ಉಳಿದಿರುತ್ತದೆ. ಅಂದಿನಿಂದ ಜೋರು ಮಳೆಯಲ್ಲಿ ಅರವತ್ತು ದಾಟುವುದಿಲ್ಲ. ಕಾನೂನು 1.6 ಮಿಲಿಮೀಟರ್ ಹಲ್ಲು ಇರುವವರೆಗೆ ಓಡಿಸಲು ಬಿಡುತ್ತದೆ. ಕಾರವಾರದ ಮಳೆಗೆ, ಈ ಅಗಲಕ್ಕೆ, 3 ಮಿಲಿಮೀಟರಿಗೆ ಇಳಿದರೆ ಟೈರು ಮುಗಿಯಿತೆಂದೇ ನನ್ನ ಲೆಕ್ಕ.

ಕಾರಿಗೆ ಕಂಪನಿ ಕೊಟ್ಟದ್ದು ರನ್‌ಫ್ಲಾಟ್ ಟೈರು, ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ಹಾಗಾಗಿ ಸ್ಟೆಪ್ನಿಗೆ ಜಾಗವೇ ಇಲ್ಲ. ನಾನು ಹಾಕಿಸಿದ್ದು ಸಾದಾ ಟೈರು. ಪಕ್ಕೆ ಮೃದುವಾದ್ದರಿಂದ ನಮ್ಮ ಗುಂಡಿಗಳಲ್ಲಿ ಬೆನ್ನಿಗೆ ಹಿತ. ಆದರೆ ದೇವಿಮನೆಯ ನಡುವೆ, ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ ಪಂಕ್ಚರಾದರೆ? ಪಂಕ್ಚರ್ ಕಿಟ್ ಮತ್ತು ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿವೆ. ಪಕ್ಕೆ ಹರಿದರೆ ಅವೂ ನಿಷ್ಪ್ರಯೋಜಕ. ದೂರ ಹೋಗುವಾಗ ಹಿಂದಿನಿಂದ ಬಿಚ್ಚಿದ ಹಳೆಯ 225ರ ಒಂದು ಚಕ್ರವನ್ನೂ ಜಾಕನ್ನೂ ಹಾಕಿಕೊಳ್ಳುತ್ತೇನೆ. ವ್ಯಾಸ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಅದು ಮುಂದೆಯೂ ಕೂರುತ್ತದೆ, ತಾತ್ಕಾಲಿಕವಾಗಿ ಹಿಂದೆಯೂ ಕೂರುತ್ತದೆ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲಿಗೆ ತೊಂದರೆಯಿಲ್ಲ. 245/45 ಹಾಕಿಸಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ. ಹೆಂಡತಿಯ ತಕರಾರು ಒಂದೇ: ಆ ಚಕ್ರ ಇದ್ದ ದಿನ ಹಲಸಿನಹಣ್ಣಿಗೆ ಜಾಗವಿಲ್ಲ.

ಆರ್‌ಸಿ ನವೀಕರಣಕ್ಕೆ ಕಾರನ್ನು ತೋರಿಸಲು ಹೋದಾಗ ಇನ್‌ಸ್ಪೆಕ್ಟರು ಹಿಂದಿನ ಟೈರಿನ ಮೇಲೆ ಕಣ್ಣು ನೆಟ್ಟು, ‘ಇದು ಒರಿಜಿನಲ್ ಅಳತೆಯೇ?’ ಎಂದರು. ಬಾಗಿಲು ತೆರೆದು ಚೀಟಿ ತೋರಿಸಿದೆ. ಓದಿ, ಟೈರಿನ ಪಕ್ಕೆಯ ಅಂಕಿ ನೋಡಿ, ತಲೆಯಾಡಿಸಿದರು. ಇ39ರ ಚಕ್ರಗಳಿದ್ದಾಗ ಬಂದಿದ್ದರೆ ಯಾವ ಚೀಟಿ ತೋರಿಸುತ್ತಿದ್ದೆನೋ.

ಆ ಚಕ್ರಗಳು ಇನ್ನೂ ಶಿರಸಿಯ ಮನೆಯ ಅಟ್ಟದಲ್ಲಿವೆ. ಹೋದ ತಿಂಗಳು ಧಾರವಾಡದಿಂದ ಒಬ್ಬ ಹುಡುಗ ಬಂದು ಕೇಳಿದ. ಯಾವ ಕಾರಿಗೆ ಎಂದೆ. 3 ಸೀರೀಸ್ ಎಂದ. ಕಾಗದದಲ್ಲಿ ವ್ಯವಕಲನ ಮಾಡಿ ತೋರಿಸಿ, ಚಹಾ ಕೊಟ್ಟು ಕಳಿಸಿದೆ. ‘ಇಪ್ಪತ್ತು ಸಾವಿರ ಕೈಯಾರೆ ಕಳೆದಿರಿ ಭಾವ’ ಎಂದ ನನ್ನ ಹೆಂಡತಿಯ ತಮ್ಮ.

ಮುಂದೂ ಹಿಂದೂ ಅಳತೆ ಬೇರೆಯಾದ್ದರಿಂದ ಟೈರುಗಳನ್ನು ಅದಲುಬದಲು ಮಾಡುವಂತಿಲ್ಲ. ಹದಿನಾಲ್ಕು ಸಾವಿರ ಕಿಲೋಮೀಟರಿನ ನಂತರ ಕಳೆದ ಭಾನುವಾರ ಅಳೆದೆ. ಮುಂದಿನವುಗಳಲ್ಲಿ 6 ಮಿಲಿಮೀಟರ್ ಹಲ್ಲು ಉಳಿದಿದೆ. ಹಿಂದಿನವುಗಳ ನಡುವೆ 4.8, ಒಳಅಂಚಿನಲ್ಲಿ 3.9. ಜೂನ್ ಬರಲು ಇನ್ನು ಏಳು ವಾರವಿದೆ. ಟೈರಂಗಡಿಗೆ ಫೋನ್ ಮಾಡಿ 255/40 ಒಂದು ಜೋಡಿ ತರಿಸಲು ಹೇಳಿದ್ದೇನೆ, ಮೂವತ್ತು ಸಾವಿರದ ಹತ್ತಿರ ಆಗುತ್ತದಂತೆ. ಹೆಂಡತಿಗೆ ಇನ್ನೂ ಹೇಳಿಲ್ಲ.